ಅತ್ತೆಯ ಕಾರಿನ ಧಡ್

ಡ್ರೈವಿಂಗ್ ಕಲಿಸುವವಳ ಅಣ್ಣನ ಮಗನಾಗಿ ಹುಟ್ಟಿ, ಇಪ್ಪತ್ತಾರು ತುಂಬಿದರೂ ಲೈಸೆನ್ಸ್ ಇಲ್ಲದೆ ಓಡಾಡುತ್ತಿರುವ ಏಕೈಕ ಪ್ರಾಣಿ ನಾನು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ವಿಷಯದಲ್ಲಿ ಮದ್ದು ಚೆನ್ನಾಗಿಯೇ ಇತ್ತು, ರೋಗಿಯೇ ಸರಿಯಿರಲಿಲ್ಲ. ಮೂರು ಸಲ ಅತ್ತೆಯ ಹತ್ತಿರ ಕಲಿಯಲು ಕೂತು, ಮೂರು ಸಲವೂ ಬಸ್ಸಿನಲ್ಲಿ ಮನೆಗೆ ಬಂದಿದ್ದೇನೆ. ಹೊಟ್ಟೆಪಾಡಿಗೆ ಕಾರಿನ ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತೇನೆ. ಯಾವ ಕಾರಿನ ಯಾವ ಭಾಗ ಯಾವ ಕಪಾಟಿನ ಎಷ್ಟನೆಯ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅದೇ ಭಾಗ ಕಾರಿನಲ್ಲಿ ಎಲ್ಲಿರುತ್ತದೆ ಎಂದು ಕೇಳಿದರೆ ಮಾತ್ರ ಗಿರಾಕಿಯ ಮುಖ ನೋಡುತ್ತೇನೆ.

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ವಯಸ್ಸು ಐವತ್ತನಾಲ್ಕು. ಎತ್ತರ ಎಷ್ಟೆಂದರೆ, ಸೀಟಿನ ಮೇಲೆ ದಿಂಬು ಹಾಕಿಕೊಂಡರೆ ರಸ್ತೆ ಕಾಣಿಸುವಷ್ಟು. ಜೆರಾಕ್ಸ್ ಅಂಗಡಿಯ ಪಕ್ಕದ ಒಂದೇ ಕೋಣೆ ಅವಳ ಡ್ರೈವಿಂಗ್ ಶಾಲೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಮೇಜಿನ ಮೇಲೆ ರಿವರ್ಸ್ ವಿವರಿಸಲು ಇಟ್ಟುಕೊಂಡ ಒಂದು ಆಟಿಕೆ ಕಾರು. ಅದಕ್ಕೆ ಮೂರೇ ಚಕ್ರ. ಹೊರಗೆ ನಿಂತಿರುವ ನಿಜವಾದ ಕಾರಿಗೆ ನಾಲ್ಕಿವೆ, ಆದರೆ ವಯಸ್ಸು ಹತ್ತೊಂಬತ್ತು. ಒಂದು ಕಾಲದಲ್ಲಿ ಬೆಳ್ಳಗಿದ್ದದ್ದು ಈಗ ಹಾಲಿಗೆ ಎರಡು ಹನಿ ಚಹಾ ಬಿದ್ದ ಬಣ್ಣಕ್ಕೆ ತಿರುಗಿದೆ. ಅತ್ತೆ ಕೂರುವ ಕಡೆಯೂ ಅದಕ್ಕೊಂದು ಬ್ರೇಕು, ಒಂದು ಕ್ಲಚ್ಚು. ಕಲಿಯುವವರ ಪ್ರಾಣವನ್ನು ಅವಳು ಸದಾ ಬಲಗಾಲಿನಲ್ಲಿ ಹಿಡಿದಿರುವುದರಿಂದ ಬಲಗಾಲಿನ ಚಪ್ಪಲಿ ಮಾತ್ರ ಸವೆಯುತ್ತದೆ. ಅವಳ ಮನೆಯ ಬಾಗಿಲ ಹಿಂದೆ ಹೊಸದರಂತಿರುವ ಒಂಬತ್ತು ಎಡಗಾಲಿನ ಚಪ್ಪಲಿಗಳನ್ನು ನಾನೇ ಎಣಿಸಿದ್ದೇನೆ. ಎಸೆಯುವುದಿಲ್ಲ. "ಅವು ಏನು ತಪ್ಪು ಮಾಡಿವೆ?" ಎನ್ನುತ್ತಾಳೆ.

ಅವಳು ಹುಟ್ಟಾ ಮೇಷ್ಟ್ರಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಬೇಕರಿಯಲ್ಲಿ ಕೇಕಿನ ಮೇಲೆ ಕೆನೆಯ ಗುಲಾಬಿ ಇಡುವ ಕೆಲಸ ಮಾಡುತ್ತಿದ್ದಳು. ವ್ಯಾನ್ ಓಡಿಸುವವನು ಪ್ರತಿ ಸಲ ಕ್ಲಚ್ ಥಟ್ಟನೆ ಬಿಟ್ಟಾಗಲೂ ಇವಳು ಇಟ್ಟ ಗುಲಾಬಿಗಳು ಒಂದರ ಮೇಲೊಂದು ಬಿದ್ದು ಎಲೆಕೋಸಾಗಿ ಗಿರಾಕಿಯ ಮನೆ ಸೇರುತ್ತಿದ್ದವು. ಬೈಗುಳ ಮಾತ್ರ ಇವಳಿಗೆ. ಒಂದು ದಿನ ರೇಗಿ, "ಕೀಲಿಕೈ ಇಲ್ಲಿ ಕೊಡು, ನನ್ನ ಗುಲಾಬಿ ನಾನೇ ಕೊಂಡೊಯ್ತೀನಿ" ಎಂದಳಂತೆ. ಹಾಗೆ ಹನ್ನೊಂದು ವರ್ಷ ಕೇಕು ಹೊತ್ತು ಓಡಿಸಿದ ಕಾಲು ಅದು. ಅವಳು ಕ್ಲಚ್ ಬಿಟ್ಟರೆ ಕಾರು ಹೊರಟಿತೋ, ಪಕ್ಕದ ಗೋಡೆ ಹಿಂದಕ್ಕೆ ಸರಿಯಿತೋ ತಿಳಿಯುವುದಿಲ್ಲ.

ಶಾಲೆಯ ನಿಯಮವೂ ಆ ಕೇಕಿನಿಂದಲೇ ಹುಟ್ಟಿದ್ದು. ಪರೀಕ್ಷೆಗೆ ಕಳಿಸುವ ಮುಂಚೆ ಕಲಿಯುವವರು ನಿಂತಲ್ಲಿಂದ ಹತ್ತು ಸಲ ಹೊರಡಬೇಕು. ಹತ್ತರಲ್ಲಿ ಒಂದು ಸಲ ಧಡ್ ಎಂದರೂ ಮತ್ತೆ ಒಂದರಿಂದ ಶುರು. ಪರೀಕ್ಷೆ ಮಾಡುವ ಅಧಿಕಾರಿಗಳು "ಮೇಡಂ ಕಡೆಯವರಾ?" ಎಂದು ಕೇಳಿ ಅರ್ಧ ಆಗಲೇ ಪಾಸು ಮಾಡಿರುತ್ತಿದ್ದರು.

ಹೀಗಿದ್ದ ಶಾಲೆಯಿಂದ ಎಂಟು ತಿಂಗಳ ಕಾಲ ಒಬ್ಬರೂ ಪರೀಕ್ಷೆಗೆ ಹೋಗಲಿಲ್ಲ.

ಯಾರು ಕೂತರೂ ಧಡ್. ಎಂಟನೆಯ ಸಲ ಧಡ್, ಹತ್ತನೆಯ ಸಲ ಧಡ್, ಎಷ್ಟೋ ಜನರಿಗೆ ಮೊದಲನೆಯದೇ ಧಡ್. ಗೇರ್ ಕೋಲು ತಾನಾಗಿ ತಲೆಯಾಡಿಸುತ್ತದೆ ಎಂದು ಒಬ್ಬಳು ದೂರಿದಳು. "ನೀನು ಅದನ್ನ ಬಸ್ಸಿನ ಕಂಬಿ ಹಾಗೆ ಹಿಡ್ಕೊಂಡ್ರೆ ಇನ್ನೇನು ಮಾಡತ್ತೆ?" ಎಂದಳು ಅತ್ತೆ. ಒಬ್ಬೊಬ್ಬರಾಗಿ ಜನ ಎದುರು ರಸ್ತೆಯ ಶಾಲೆಗೆ ಜಾರಿದರು. ಕೊನೆಯವರೆಗೆ ಹಲ್ಲು ಕಚ್ಚಿ ಉಳಿದವರು ದರ್ಜಿ ಸಾಹೇಬರು. ಐವತ್ತರ ಆಸುಪಾಸಿನ, ಕನ್ನಡಕವನ್ನು ದಾರಕ್ಕೆ ಕಟ್ಟಿಕೊಂಡ ಸಾಧು ಮನುಷ್ಯ. ಶಾಲಾ ಸಮವಸ್ತ್ರಗಳನ್ನು ತಾವೇ ಸಾಗಿಸಬೇಕೆಂದು ಹಳೆಯ ವ್ಯಾನು ತಂದು ಅಂಗಡಿ ಮುಂದೆ ನಿಲ್ಲಿಸಿದ್ದರು. ಓಡಿಸಲು ಬಾರದ್ದಕ್ಕೆ ಅದರ ಅಳತೆಗೆ ಒಂದು ಗವಸು ಹೊಲಿದಿದ್ದರು, ಜೇಬುಗಳ ಸಮೇತ.

ಅವರ ಕೊನೆಯ ಪಾಠದ ದಿನ ನಾನು ಹಿಂದಿನ ಸೀಟಿನಲ್ಲಿದ್ದೆ. ಪುಕ್ಕಟೆ ಮನೆ ಸೇರುವ ಆಸೆಗೆ ಹತ್ತಿದವನು.

"ಕ್ಲಚ್ ನಿಧಾನಕ್ಕೆ ಬಿಡಿ ಅಂದ್ನಲ್ಲ?" ಎಂದಳು ಅತ್ತೆ.

"ನಿಧಾನಕ್ಕೇ ಬಿಟ್ಟೆ ಮೇಡಂ."

ಧಡ್.

"ಇದು ನಿಧಾನಾನಾ?"

"ಮೇಡಂ, ಕೋಪ ಮಾಡ್ಕೋಬೇಡಿ, ಕಾರಿಗೇ ಏನೋ ಆಗಿರಬಹುದಾ ಅಂತ..."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇಳೀರಿ, ತೋರಿಸ್ತೀನಿ."

ಅತ್ತೆ ದಿಂಬಿನ ಸಮೇತ ಆಚೆ ಬದಿಗೆ ಹೋಗಿ ಕೂತು, ಹೊರಟಳು. ಕಾರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಸರಿಯಿತು. ನಿಲ್ಲಿಸಿದಳು, ಮತ್ತೆ ಹೊರಟಳು. ಚಕಾರವಿಲ್ಲ.

"ನೋಡಿದ್ರಾ? ಕಾರು ಅದೇ, ಕಾಲು ಬೇರೆ. ನಿಮ್ಮ ಕಾಲು ಹೊಲಿಗೆ ಮಿಷನ್‌ಗೇ ಸರಿ ಸಾಹೇಬ್ರೇ. ಇದು ನಿಮ್ಮ ಕೈಲಾಗಲ್ಲ."

ದರ್ಜಿ ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಬಾಗಿಲನ್ನು ಮೆತ್ತಗೆ ಹಾಕಿ, ನಡೆದು ಹೋದರು. ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆ ನಮ್ಮ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. "ಅತ್ತಿಗೆ, ತಿಂಗಳ ಕೊನೆಗೆ ಶಾಲೆ ಮುಚ್ತೀನಿ" ಎಂದಳು ಅಮ್ಮನಿಗೆ. "ಎಂಟು ತಿಂಗಳಿಂದ ಒಬ್ರಿಗೂ ಕಲಿಸಕ್ಕಾಗಿಲ್ಲ. ಎಲ್ಲರ ಕಾಲೂ ಒಟ್ಟಿಗೆ ಕೆಡಲ್ಲ. ಕೆಟ್ಟಿರೋದು ನನ್ನ ಕಲಿಸೋ ವಿದ್ಯೆ. ಬಾಯಿ ಮಾತ್ರ ಉಳಿದಿದೆ, ವಿದ್ಯೆ ಹೋಗಿದೆ."

ಅಮ್ಮ ಕತ್ತರಿಸುತ್ತಿದ್ದ ಈರುಳ್ಳಿ ಬಿಟ್ಟು ಕಣ್ಣೊರೆಸಿಕೊಂಡಳು. ಈರುಳ್ಳಿಗೋ ನಾದಿನಿಗೋ ಗೊತ್ತಾಗಲಿಲ್ಲ. ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು.

"ಅತ್ತೆ, ಅದು ವಿದ್ಯೆ ಅಲ್ಲ. ಗೇರ್‌ಬಾಕ್ಸು. ಪೂರ್ತಿ ಹೋಗಿದೆ. ನಾನು ದಿನಾ ನೋಡ್ತೀನಲ್ಲ."

ನಾನು ದಿನಾ ನೋಡುವುದು ಗೇರ್‌ಬಾಕ್ಸ್ ಎಂದು ಬರೆದಿರುವ ರಟ್ಟಿನ ಪೆಟ್ಟಿಗೆಗಳನ್ನು. ಆದರೆ ಅತ್ತೆ ನನ್ನನ್ನು ತಜ್ಞನೆಂದು ನೋಡಿದ್ದು ಅದೇ ಮೊದಲು. ಆ ರುಚಿಗೆ ಸೋತು ಹಲ್ಲು, ಶಾಫ್ಟು, ಬೇರಿಂಗು ಎಂದು ಐದು ನಿಮಿಷ ಮಾತಾಡಿದೆ. ಮುಗಿಸುವ ಹೊತ್ತಿಗೆ ಅತ್ತೆಯ ಮುಖ ಇನ್ನೂ ಬಾಡಿತ್ತು.

"ಈ ವಯಸ್ಸಿನ ಕಾರಿಗೆ ಹೊಸ ಗೇರ್‌ಬಾಕ್ಸ್ ಯಾರು ಹಾಕ್ತಾರೆ? ಸರಿ ಹಾಗಾದ್ರೆ. ಗುಜರಿಯವನಿಗೆ ಶನಿವಾರ ಬಾ ಅಂತೀನಿ. ಕಾರಿಗೂ ನಂಗೂ ಒಟ್ಟಿಗೆ ನಿವೃತ್ತಿ."

ಅವಳು ಹೋದ ಮೇಲೆ ಅಮ್ಮ ಚಾಕುವನ್ನೇ ನನ್ನತ್ತ ತೋರಿಸಿದಳು. "ನೀನು ಗೇರ್‌ಬಾಕ್ಸ್ ಅಂದೆ ಅಂದ್ರೆ ಅದು ಖಂಡಿತ ಗೇರ್‌ಬಾಕ್ಸ್ ಅಲ್ಲ. ಶನಿವಾರದೊಳಗೆ ತಿಳಿದೋರಿಗೆ ತೋರಿಸು. ಇಲ್ದಿದ್ರೆ ಮನೆಗೆ ಬರಬೇಡ."

ತಿಳಿದವರು ಎಂದರೆ ನಮ್ಮ ಅಂಗಡಿಯ ಹಿಂದಿನ ಗಲ್ಲಿಯ ಮೆಕ್ಯಾನಿಕ್. ಮಾತು ಕಡಿಮೆ ಎಂದು ಎಲ್ಲರೂ ಗುಮ್ಮಣ್ಣ ಎನ್ನುತ್ತಾರೆ. ತಗಡಿನ ಚಾವಣಿಯ ಅವನ ಗ್ಯಾರೇಜಿನ ಗೋಡೆಗೆ ಪ್ರತಿಯೊಂದು ಸ್ಪ್ಯಾನರಿನ ನೆರಳನ್ನೂ ಬಣ್ಣದಲ್ಲಿ ಬರೆದಿಟ್ಟಿದ್ದಾನೆ. ಯಾವುದು ಕಾಣೆಯಾದರೂ ಗೋಡೆಯೇ ಹೇಳುತ್ತದೆ, ಅವನು ಹೇಳಬೇಕಾಗಿಲ್ಲ. ಮಂಗಳವಾರ ಮಧ್ಯಾಹ್ನ ಅತ್ತೆಯನ್ನು ಕಾಡಿ ಬೇಡಿ ಕಾರು ತರಿಸಿದೆ.

"ಓಡಿಸಿ," ಎಂದ ಗುಮ್ಮಣ್ಣ.

ಅತ್ತೆ ಗ್ಯಾರೇಜಿನ ಅಂಗಳದಲ್ಲಿ ಹೊರಟಳು, ನಿಂತಳು, ಹೊರಟಳು, ನಿಂತಳು. ಕಾರು ಸತ್ಯಸಂಧನಂತೆ ನಡೆದುಕೊಂಡಿತು. ಗುಮ್ಮಣ್ಣ ತಲೆಯಾಡಿಸಿದ. "ಏನಿಲ್ಲ."

"ನಾನು ಹೇಳ್ಲಿಲ್ವಾ?" ಎಂದಳು ಅತ್ತೆ. ಗೆದ್ದವಳ ಧ್ವನಿ, ಸೋತವಳ ಮುಖ. ಕಾರಿಗೆ ಏನಿಲ್ಲವೆಂದರೆ ತಪ್ಪೆಲ್ಲ ಅವಳದೇ ಎಂದಾಯಿತಲ್ಲ.

ಗುಮ್ಮಣ್ಣ ಸ್ವಲ್ಪ ಹೊತ್ತು ಕಾರನ್ನು ನೋಡಿದ. ಆಮೇಲೆ ಅವಳ ಕಾಲನ್ನು ನೋಡಿದ. ಆಮೇಲೆ ನನ್ನನ್ನು.

"ನೀನು ಹತ್ತು."

"ಅಣ್ಣಾ, ನಂಗೆ ಓಡಿಸಕ್ಕೆ ಬರಲ್ಲ."

"ಅದಕ್ಕೇ."

ಜೀವನದಲ್ಲಿ ನನ್ನ ಅಯೋಗ್ಯತೆಯನ್ನು ಅರ್ಹತೆಯೆಂದು ಪರಿಗಣಿಸಿದ ಮೊದಲ ಕೆಲಸ ಅದು. ಮೂರು ಸಲ ಕಲಿತು ಮರೆತದ್ದನ್ನೆಲ್ಲ ನೆನೆದು, ಫಸ್ಟ್ ಗೇರ್ ಹಾಕಿ, ಬಿಸಿ ಪಾತ್ರೆ ಮುಟ್ಟಿದವನಂತೆ ಕ್ಲಚ್ಚಿನಿಂದ ಕಾಲು ಕಿತ್ತೆ. ಧಡ್! ಸೀಟಿನ ಕೆಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಗೇರ್ ಕೋಲು ಹೌದು ಹೌದು ಎಂದು ತಲೆಯಾಡಿಸಿತು. ಗುಮ್ಮಣ್ಣ ನಕ್ಕ. ಅವನಿಗೆ ಹಲ್ಲಿರುವುದು ಅವತ್ತೇ ಗೊತ್ತಾದದ್ದು.

ಬಾನೆಟ್ ಎತ್ತಿ ಆನಿಸಿ, ಅತ್ತೆಯನ್ನು ಅದರ ಮುಂದೆ, ಬದಿಗೆ ಸರಿಸಿ ನಿಲ್ಲಿಸಿದ. ತಾನು ಬಂದು ಅವಳ ಸೀಟಿನಲ್ಲಿ ಕೂತು ಅವಳ ಬ್ರೇಕನ್ನು ಗಟ್ಟಿಯಾಗಿ ಒತ್ತಿದ. ಕೈಬ್ರೇಕನ್ನೂ ಎಳೆದ. "ಫಸ್ಟ್ ಹಾಕು. ಕ್ಲಚ್ ಬಿಡು. ಪೂರ್ತಿ ಬೇಡ, ಕಾರು ಎಳೆಯೋ ತನಕ. ಈಗ ಚೂರು ಆಕ್ಸಿಲರೇಟರ್." ನಾನು ಒತ್ತಿದೆ. ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ನನಗೆ ಕಾಣುತ್ತಿದ್ದದ್ದು ಅತ್ತೆಯ ಎರಡು ಕಣ್ಣು ಮಾತ್ರ. ಅವು ಮೊದಲು ಕಿರಿದಾದವು, ಆಮೇಲೆ ದೊಡ್ಡದಾದವು.

"ಅಯ್ಯೋ, ಎಂಜಿನ್ನೇ ಎದ್ದು ಬರ್ತಿದೆಯಲ್ಲೋ!"

"ರಿವರ್ಸ್," ಎಂದ ಗುಮ್ಮಣ್ಣ.

ಅದೇ ಆಟ ಹಿಂದುಮುಂದಾಗಿ. ಧಡ್.

"ಈಗ ಆ ಕಡೆ ಬಿತ್ತು!"

ಆಮೇಲೆ ಅವನು ಕಾರಿನ ಮುಂಭಾಗ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಉದ್ದದ ಸಲಾಕೆ ಹಿಡಿದು ಕೆಳಗೆ ನುಸುಳಿದ. ನಾನೂ ನುಸುಳಿದೆ. ಗೇರ್‌ಬಾಕ್ಸ್ ಎಂದರೆ ಏನೆಂದು ಪೆಟ್ಟಿಗೆಯಿಲ್ಲದೆ ನೋಡಿದ್ದು ಅದೇ ಮೊದಲು. ಎಂಜಿನ್ನೂ ಅದೂ ಬಿಡಿಸಲಾಗದ ಗಂಡಹೆಂಡಿರ ಹಾಗೆ ಕಚ್ಚಿಕೊಂಡಿರುತ್ತವೆ. ಅವೆರಡರ ಜಗಳ ಕಾರಿನ ಮೈಗೆ ತಾಗದಿರಲೆಂದು ನಡುವೆ ರಬ್ಬರಿನ ದಿಂಬುಗಳನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಅದಕ್ಕೇ ಮೌಂಟ್ ಎನ್ನುವುದು. ಗುಮ್ಮಣ್ಣ ಸಲಾಕೆಯಿಂದ ಗೇರ್‌ಬಾಕ್ಸನ್ನು ಮೆಲ್ಲಗೆ ಮೀಟಿದ. ಕೆಳಗಿನ ಮೌಂಟಿನ ರಬ್ಬರು ಮುದಿ ಚಪ್ಪಲಿಯ ಅಟ್ಟೆಯಂತೆ ಬಾಯಿ ಬಿಟ್ಟಿತು. ಬೆರಳು ತೂರಿಸುವಷ್ಟು ಸಂದು. ಪಕ್ಕದ್ದು ಹರಿದಿರಲಿಲ್ಲ, ಕುಸಿದು ಚಪ್ಪಟೆಯಾಗಿತ್ತು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಅವನು ಮಾತಾಡಿದ. ಅವನ ಒಂದು ವರ್ಷದ ಕೋಟಾ ಅದರಲ್ಲೇ ಖರ್ಚಾಗಿರಬೇಕು.

"ಗೇರ್‌ಬಾಕ್ಸಿಗೆ ಏನೂ ಆಗಿಲ್ಲ. ಅದು ಕೂತಿರೋ ದಿಂಬು ಹರಿದಿದೆ. ಕ್ಲಚ್ ಸ್ವಲ್ಪ ಬೇಗ ಬಿಟ್ರೂ ಎರಡೂ ಸೇರಿ ಎದ್ದು ಬೀಳ್ತವೆ. ನೀವು ಬಿಡೋ ಹಾಗೆ ಬಿಟ್ರೆ ಏಳೋದೇ ಇಲ್ಲ. ನಿಮ್ಮಂಥ ಕಾಲು ಇಲ್ದಿದ್ರೆ ಇದು ಯಾವಾಗ್ಲೋ ಗೊತ್ತಾಗ್ತಿತ್ತು."

ಅತ್ತೆ ಮಡ್‌ಗಾರ್ಡ್ ಹಿಡಿದು ನಿಂತಳು. "ಅಂದ್ರೆ ಅವರೆಲ್ಲ... ಅಷ್ಟು ಜನಾನೂ..."

"ಹೂಂ."

ನೆಲ ನಿಜವಾಗಿಯೂ ಡೊಂಕಾಗಿತ್ತು. ಕುಣಿಯುವವರೆಲ್ಲ ಸರಿಯಾಗಿಯೇ ಹೇಳಿದ್ದರು.

ಮೌಂಟ್ ತರುವ ಜವಾಬ್ದಾರಿ ನನ್ನದಾಯಿತು. ಇಷ್ಟಾದರೂ ನನಗೆ ಒಂದು ಕೆಲಸ ಬರುತ್ತದಲ್ಲ ಎಂಬ ಹೆಮ್ಮೆಯಿಂದ ಬುಧವಾರ ಎರಡು ಪೊಟ್ಟಣ ಕಟ್ಟಿಸಿಕೊಂಡು, ಗುರುವಾರ ಅರ್ಧ ದಿನ ರಜೆ ಹಾಕಿ ಅತ್ತೆಯ ಜೊತೆ ಗ್ಯಾರೇಜಿಗೆ ಹೋದೆ. ಗುಮ್ಮಣ್ಣ ಬಿಚ್ಚಿಟ್ಟಿದ್ದ ಹಳೆಯ ಮೌಂಟಿನ ಪಕ್ಕ ಹೊಸದನ್ನು ಹಿಡಿದು ನೋಡಿ, ಮಾತಿಲ್ಲದೆ ನನ್ನ ಕೈಗೆ ವಾಪಸು ಕೊಟ್ಟ. ಬೋಲ್ಟಿನ ತೂತು ಒಂದು ಬೆರಳು ಆಚೆ ಇತ್ತು. ಮುಂದಿನ ವರ್ಷದ ಮಾದರಿಯದು. "ಹಳೇದು ತಂದು ತೋರಿಸಿ ಸಾರ್, ನೋಡಿ ಕೊಡ್ತೀವಿ" ಎಂದು ದಿನಕ್ಕೆ ನಲವತ್ತು ಗಿರಾಕಿಗಳಿಗೆ ಉಪದೇಶ ಮಾಡುವವನು ನಾನು. ಓಡಿ ಹೋಗಿ ಬದಲಿಸಿ ತಂದೆ. ಈ ಸಲ ಹಳೆಯದನ್ನು ಕಂಕುಳಲ್ಲಿಟ್ಟುಕೊಂಡೇ ಹೋದೆ. ಅಂಗಿಯ ಮೇಲೆ ಅದರ ಮಸಿ ಇನ್ನೂ ಇದೆ.

ಗುಮ್ಮಣ್ಣ ಗೇರ್‌ಬಾಕ್ಸಿನ ಕೆಳಗೆ ಆಗಲೇ ಜಾಕ್ ಇಟ್ಟು, ಲೋಹಕ್ಕೆ ಪೆಟ್ಟಾಗದಂತೆ ನಡುವೆ ಮರದ ತುಂಡು ಕೊಟ್ಟು, ಭಾರವನ್ನೆಲ್ಲ ಅದರ ಮೇಲೆ ತೆಗೆದುಕೊಂಡಿದ್ದ. ಇನ್ನೂ ಬಿಚ್ಚದಿದ್ದ ಪಕ್ಕದ ಮೌಂಟಿನ ಬೋಲ್ಟುಗಳು ತುಕ್ಕಿನ ಋಣ ಬಿಡದೆ ಕಿರುಚಿದವು. ಹೊಸ ಮೌಂಟುಗಳನ್ನು ಕೂರಿಸಿ, ಬೋಲ್ಟುಗಳನ್ನು ಬರೀ ಬೆರಳಲ್ಲಿ ತಿರುಗಿಸಿಟ್ಟು, "ಮುಟ್ಟಬೇಡ" ಎಂದು ಹೇಳದೆ ಯಾರೋ ಕರೆದರೆಂದು ಗೇಟಿನ ಕಡೆ ಹೋದ. ಹೇಳಬೇಕಿತ್ತು. ಅರ್ಧಂಬರ್ಧ ಬಿಟ್ಟು ಹೋಗಿದ್ದಾನಲ್ಲ, ಸಹಾಯ ಮಾಡೋಣ ಎಂದು ನಾನು ಗೋಡೆಯ ಮೇಲಿನ ಅತಿ ದೊಡ್ಡ ಸ್ಪ್ಯಾನರು ಕಿತ್ತು ಎಲ್ಲ ಬೋಲ್ಟುಗಳನ್ನೂ ಜೀವ ಹೋಗುವ ಹಾಗೆ ಬಿಗಿದೆ. ಜಾಕ್ ಇಳಿಸಿದೆ. ಸ್ಟ್ಯಾಂಡ್ ತೆಗೆದು ಕಾರನ್ನೂ ಇಳಿಸಿದೆ. "ಅತ್ತೆ, ಸ್ಟಾರ್ಟ್ ಮಾಡು!"

ಸ್ಟಾರ್ಟ್ ಮಾಡಿದಳು. ಕಾರಿಗೆ ಕಾರೇ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್‌ಗುಟ್ಟಿತು. ಸ್ಟೀರಿಂಗ್ ನಡುಗಿತು, ಕನ್ನಡಿಯಲ್ಲಿ ನಾನು ನಾಲ್ಕಾಗಿ ಕಂಡೆ. ಒಬ್ಬನೇ ಇಷ್ಟು ಹಾಳು ಮಾಡಬಲ್ಲವನು ನಾಲ್ವರಾದರೆ ಗತಿಯೇನು! ಅತ್ತೆ ಎಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಳು. "ಹೋಗ್ಲಿ ಬಿಡು. ಇಷ್ಟೇ ಇದರ ಹಣೆಬರಹ. ಶನಿವಾರ ಗುಜರಿಯವನು ಬರ್ತಾನೆ."

ಗುಮ್ಮಣ್ಣ ವಾಪಸು ಬಂದು ಮೊದಲು ಗೋಡೆ ನೋಡಿದ. ಅತಿ ದೊಡ್ಡ ನೆರಳು ಖಾಲಿಯಿತ್ತು.

"ಯಾರು ಬಿಗಿ ಮಾಡಿದ್ದು?"

"ಇವನು," ಎಂದಳು ಅತ್ತೆ, ರಕ್ತಸಂಬಂಧವನ್ನು ಒಂದು ಕ್ಷಣವೂ ಲೆಕ್ಕಿಸದೆ.

"ಬಿಚ್ಚು." ಮತ್ತೆ ಕಾರೆತ್ತಿ, ಸ್ಟ್ಯಾಂಡ್ ಕೊಟ್ಟು ನಾನು ಬಿಚ್ಚುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ: "ಭಾರ ಹೊರದೇ ಇರೋವಾಗ ಬಿಗಿ ಮಾಡಿದ್ರೆ ರಬ್ಬರು ತಿರುಚಿಕೊಳ್ಳತ್ತೆ. ಮೊದ್ಲು ಭಾರ ಬೀಳಲಿ. ಅಲುಗಾಡಲಿ. ತನ್ನ ಜಾಗ ತಾನೇ ಹುಡುಕ್ಕೊಳ್ಳಲಿ. ಆಮೇಲೆ ಬಿಗಿ." ಬೋಲ್ಟು ಸಡಿಲವಾದ ಮೇಲೆ ಎಂಜಿನ್ ಒಂದು ನಿಮಿಷ ಓಡಿಸಿ, ಆರಿಸಿ, ಕೈಯಿಂದ ಹಿಂದೆಮುಂದೆ ತೂಗಿದ. ಗೇರ್‌ಬಾಕ್ಸು ನಿಟ್ಟುಸಿರಿಟ್ಟಂತೆ ಕೂತಿತು. ಆಮೇಲೆ ಬಿಗಿದ, ತಾನೇ.

ಪರೀಕ್ಷೆಗೆ ಮತ್ತೆ ನಾನೇ ಬೇಕಾಯಿತು. ಅತ್ತೆ ದಿಂಬು ಸರಿಮಾಡಿಕೊಂಡು ಪಕ್ಕದಲ್ಲಿ ಕೂತಳು. ನಾನು ನನ್ನ ಶಕ್ತಿಮೀರಿ ಕೆಟ್ಟದಾಗಿ ಹೊರಟೆ. ಕಾರು ಒಮ್ಮೆ ಮುಗ್ಗರಿಸಿ, ಹಿಡಿದುಕೊಂಡು, ಹೊರಟಿತು. ಧಡ್ ಇಲ್ಲ. ಹತ್ತು ಸಲ ಹೊರಡಿಸಿದಳು. ಹತ್ತು ಸಲವೂ ಇಲ್ಲ.

ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬೆರಳು ಮಡಿಸುತ್ತಿದ್ದಳು.

"ಹನ್ನೊಂದು ಜನ ಕಣೋ. ಹನ್ನೊಂದು ಜನಕ್ಕೆ ಬೈದಿದೀನಿ. ಅವರ ಕಾಲು ಚೆನ್ನಾಗಿತ್ತು."

ಅಲ್ಲೇ ಕೂತು ಹತ್ತು ಜನಕ್ಕೆ ಫೋನ್ ಮಾಡಿದಳು. ಒಬ್ಬ ನಕ್ಕ. ಒಬ್ಬಳು ಎದುರು ಶಾಲೆಯಲ್ಲಿ ಪಾಸಾಗಿದ್ದಳು. "ಅಲ್ಲಿ ಎರಡೇ ದಿನಕ್ಕೆ ಬಂತು ಮೇಡಂ, ನಂಗೂ ಆಶ್ಚರ್ಯ ಆಯ್ತು" ಎಂದಳು. ಇನ್ನೊಬ್ಬನ ತಾಯಿ ಫೋನ್ ಎತ್ತಿ, ಮಗನ ಪರವಾಗಿ ಎಂಟು ತಿಂಗಳ ಬೈಗುಳವನ್ನು ಬಡ್ಡಿ ಸಮೇತ ತೀರಿಸಿದಳು. ಅತ್ತೆ "ಹೌದು, ಹೌದು, ಸರಿಯಾಗಿ ಹೇಳಿದ್ರಿ" ಎಂದು ಕೇಳಿಸಿಕೊಂಡಳು. ದರ್ಜಿ ಸಾಹೇಬರಿಗೆ ಮಾತ್ರ ಫೋನ್ ಮಾಡಲಿಲ್ಲ.

"ಅವರ ಹತ್ರ ಹೋಗ್ಬೇಕು. ಉಳಿದೋರಿಗೆ ತಪ್ಪು ಮಾಡ್ತಿದೀರಿ ಅಂದೆ. ಅವರಿಗೆ ನಿಮ್ಮ ಕೈಲಾಗಲ್ಲ ಅಂದೆ. ಕಲಿಸೋರು ಆಡೋ ಮಾತಲ್ಲ ಅದು." ಫೋನನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದಳು: "ಅವರು ವಾಪಸ್ ಬಂದ್ರೆ ಶಾಲೆ ಇರತ್ತೆ. ಬರದಿದ್ರೆ ನಾನು ಒಳ್ಳೇ ಕಾರಿರೋ ಒಬ್ಬ ಹೆಂಗಸು, ಅಷ್ಟೇ."

ಗುಜರಿಯವನಿಗೆ ಇನ್ನೂ ಬೇಡ ಎಂದಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಶುಕ್ರವಾರ ಸಂಜೆ ದರ್ಜಿ ಅಂಗಡಿಯ ಮುಂದೆ, ಗವಸು ತೊಟ್ಟ ವ್ಯಾನಿನ ಹಿಂದೆ ಕಾರು ನಿಲ್ಲಿಸಿದಳು. ಒಳಗೆ ದಪ್ಪನೆಯ ಗಿರಾಕಿಯೊಬ್ಬರು ಹೊಲಿಗೆ ಮುಗಿಯದ ಕೋಟು ತೊಟ್ಟು, ಎರಡೂ ಕೈ ಚಾಚಿ ನಿಂತಿದ್ದರು. ದರ್ಜಿ ಸಾಹೇಬರ ಬಾಯಿ ತುಂಬ ಗುಂಡುಪಿನ್ನುಗಳು. ಅತ್ತೆಯನ್ನು ನೋಡಿ ಹುಬ್ಬೇರಿಸಿದರು. ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅತ್ತೆ ಒಂದೇ ಉಸಿರಿಗೆ ಶುರುಮಾಡಿದಳು. ಮೌಂಟು, ರಬ್ಬರು, ಎದ್ದು ಬೀಳುವ ಎಂಜಿನ್ನು, ತನ್ನ ಕಾಲು, ಬೇಕರಿಯ ಕೇಕು, ಎಲ್ಲ ಬಂತು. "ತಪ್ಪು ನಿಮ್ಮ ಕಾಲಿಂದಲ್ಲ, ಕಾರಿಂದು. ಕಾರಿಂದೂ ಅಲ್ಲ, ನಂದು. ನೀವು ಹೇಳಿದ್ರಿ, ನಾನು ಕೇಳ್ಲಿಲ್ಲ. ಕ್ಷಮಿಸಿ ಸಾಹೇಬ್ರೇ." ಸಾಹೇಬರು ಪಿನ್ನು ಒಂದೊಂದಾಗಿ ತೆಗೆದು ಕೋಟಿಗೆ ಚುಚ್ಚುತ್ತಲೇ ಇದ್ದರು. ಅತ್ತೆಯ ಮಾತು ಮುಗಿದ ಮೇಲೂ ಏಳು ಪಿನ್ನು ಉಳಿದಿದ್ದವು. ಅಷ್ಟು ನಿಧಾನವಾದ ಏಳು ಪಿನ್ನುಗಳನ್ನು ನಾನು ನೋಡಿಲ್ಲ. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

ಕೊನೆಯ ಪಿನ್ನು ತೆಗೆದು ಸಾಹೇಬರು ಬಾಯೊರೆಸಿಕೊಂಡರು.

"ಮೇಡಂ, ಹೋದ ವರ್ಷ ಒಬ್ಬರಿಗೆ ಪ್ಯಾಂಟ್ ಹೊಲಿದೆ. ಮೂರು ಸಲ ಹೊಲಿದ್ರೂ ಸಡಿಲ. ನಿಮ್ಮ ಸೊಂಟ ದಿನಕ್ಕೊಂದು ಥರ ಇರತ್ತೆ, ಮೊದ್ಲು ಊಟ ಒಂದು ಹದಕ್ಕೆ ತನ್ನಿ ಅಂತ ಬೈದೆ. ಆಮೇಲೆ ನೋಡಿದ್ರೆ ನನ್ನ ಟೇಪು. ಬಟ್ಟೆ ಟೇಪು, ಇಪ್ಪತ್ತು ವರ್ಷ ಎಳೆದೂ ಎಳೆದೂ ಉದ್ದ ಆಗ್ಬಿಟ್ಟಿತ್ತು."

"ಅವರಿಗೆ ಹೇಳಿದ್ರಾ?"

"ಇಲ್ಲ. ಧೈರ್ಯ ಬರ್ಲಿಲ್ಲ." ಕನ್ನಡಕ ಮೂಗಿನ ಮೇಲೇರಿಸಿ ಹೊರಗಿನ ಕಾರನ್ನು ನೋಡಿದರು. "ಈಗ ಸರಿಯಾಗಿದೆಯಾ ಅದು?"

"ನೀವೇ ನೋಡಿ."

"ಈಗ್ಲೇನಾ?"

"ನಾನು ಕೈ ಇಳಿಸಬಹುದಾ?" ಎಂದರು ಕೋಟಿನೊಳಗಿನ ಗಿರಾಕಿ. ಸಾಹೇಬರು ಆಗಲೇ ಮೆಟ್ಟಿಲಿಳಿದಿದ್ದರು. ನಾನು ಹಿಂದಿನ ಸೀಟಿಗೆ ಹಾರಿದೆ.

ಸಾಹೇಬರು ಕನ್ನಡಿ ಸರಿಪಡಿಸಿಕೊಂಡರು. ಸ್ಟಾರ್ಟ್ ಮಾಡಿದರು. ಫಸ್ಟ್ ಗೇರ್. ಅತ್ತೆ ಸೀಟಿನ ಅಂಚಿಗೆ ಬಂದು ಕಣ್ಣು ಮುಚ್ಚಿಕೊಂಡಿದ್ದಳು. ಕಾರು ಹೊರಟಿತು. ಸದ್ದಿಲ್ಲ. ನಿಲ್ಲಿಸಿ ಮತ್ತೆ ಹೊರಟರು. ಸದ್ದಿಲ್ಲ. ಮೂರು, ನಾಲ್ಕು, ಐದು. ರಸ್ತೆಯ ತಿರುವಿನಲ್ಲಿ ಆರನೆಯ ಸಲ ಹುಮ್ಮಸ್ಸಿನಲ್ಲಿ ಕ್ಲಚ್ ಪೂರ್ತಿ ಬಿಟ್ಟರು. ಕಾರು ಒಂದು ಬಿಕ್ಕಳಿಕೆ ಬಿಕ್ಕಿ, ಆಫ್ ಆಗಿ, ನಿಂತಿತು.

ಸಾಹೇಬರು ಮೆಲ್ಲಗೆ ಅತ್ತೆಯ ಕಡೆ ತಿರುಗಿದರು. ಅತ್ತೆ ಗೇರ್ ಕೋಲು ನೋಡಿದಳು. ಅದು ಅಲುಗಲಿಲ್ಲ. ಬಗ್ಗಿ ಸಾಹೇಬರ ಪಾದ ನೋಡಿದಳು. ನಿಧಾನವಾಗಿ ಅವಳ ಮುಖವೆಲ್ಲ ಅರಳಿತು. ಎಂಟು ತಿಂಗಳಿಂದ ಕೇಳಿರದ ತುಂಬು ಗಂಟಲಲ್ಲಿ, ಅರ್ಧ ರಸ್ತೆಗೆ ಕೇಳುವಂತೆ ಕೂಗಿದಳು:

"ಇದು ಕಾರಲ್ಲ ಸಾಹೇಬ್ರೇ! ಇದು ನಿಮ್ದೇ ಕಾಲು!"

"ಹೌದು ಮೇಡಂ, ನಂದೇ!" ಎಂದರು ಸಾಹೇಬರೂ, ಬಹುಮಾನ ಬಂದವರಂತೆ.

"ಮತ್ತೆ ಒಂದರಿಂದ," ಎಂದಳು ಅತ್ತೆ. ಚೀಲದಿಂದ ಫೋನ್ ತೆಗೆದು, ನನ್ನ ಕಡೆ ತಿರುಗದೆಯೇ ಹಿಂದಕ್ಕೆ ಚಾಚಿದಳು. "ಆ ಗುಜರಿಯವನಿಗೆ ನೀನೇ ಹೇಳೋ, ನಾಳೆ ಬರೋದು ಬೇಡ ಅಂತ. ನಂಗೀಗ ಪಾಠ ಇದೆ."